ತಿರುಗಿಸಿದರೂ ತಿಳಿಯದ್ದು



ಚೌಕವಾಗಿ ಕತ್ತರಿಸಿದ ಒಂದು ರಟ್ಟಿನ ತುಂಡು ಮೇಜಿನ ಮೇಲಿದೆ ಎಂದುಕೊಳ್ಳಿ. ಎರಡೂ ಮುಖಕ್ಕೆ ಒಂದೇ ಬಣ್ಣ; ಮೂಲೆಗಳಲ್ಲಿ ಮಡಿಕೆಯಿಲ್ಲ, ಕಲೆಯಿಲ್ಲ. ನೀವು ಕಣ್ಣು ಮುಚ್ಚಿ ಕುಳಿತಿದ್ದೀರಿ. ಮನೆಯ ಮಗುವೊಂದು ಸದ್ದಿಲ್ಲದೆ ಬಂದು ಆ ರಟ್ಟನ್ನು ಕಾಲು ಸುತ್ತು ತಿರುಗಿಸಿ, ಅದೇ ಜಾಗದಲ್ಲಿಟ್ಟು ಹೋಗುತ್ತದೆ. ಕಣ್ಣು ತೆರೆದಾಗ ಏನಾದರೂ ನಡೆಯಿತೆಂದು ನಿಮಗೆ ಗೊತ್ತಾಗುತ್ತದೆಯೇ? ಇಲ್ಲ. ಅರ್ಧ ಸುತ್ತು ತಿರುಗಿಸಿದ್ದರೂ, ಮುಕ್ಕಾಲು ಸುತ್ತು ತಿರುಗಿಸಿದ್ದರೂ ಗೊತ್ತಾಗುತ್ತಿರಲಿಲ್ಲ. ಮಗುಚಿ ಹಾಕಿದ್ದರೂ ಅಷ್ಟೆ. ಆದರೆ ಹತ್ತೇ ಡಿಗ್ರಿ ಹೊರಳಿಸಿದ್ದರೆ ಕೂಡಲೇ ಕಣ್ಣಿಗೆ ಬೀಳುತ್ತಿತ್ತು.

ಸಮಮಿತಿ ಎಂಬ ಮಾತಿಗೆ ಗಣಿತ ಕೊಡುವ ಅರ್ಥ ಇಷ್ಟೇ: ಮಾಡಿದರೂ ಮಾಡಿದ್ದು ತಿಳಿಯದಂಥ ಬದಲಾವಣೆ. ಶಾಲೆಯಲ್ಲಿ ನಾವೆಲ್ಲ ಕಾಗದ ಮಡಿಸಿ, ಶಾಯಿಯ ಹನಿ ಚೆಲ್ಲಿ, ಎಡ ಬಲ ಸರಿಹೊಂದುತ್ತದೆಯೇ ಎಂದು ನೋಡಿದ್ದೇವೆ. ಅದೂ ಸಮಮಿತಿಯೇ, ಆದರೆ ಅದರ ಒಂದು ಮೂಲೆ ಮಾತ್ರ. ಚೌಕಕ್ಕೆ ಹೀಗೆ ಗುರುತು ಉಳಿಯದಂತೆ ಮಾಡಬಹುದಾದ ಕೆಲಸಗಳು ಒಟ್ಟು 8: ನಾಲ್ಕು ತಿರುಗಿಸುವುದು, ನಾಲ್ಕು ಮಗುಚುವುದು. ಏನೂ ಮಾಡದೆ ಸುಮ್ಮನಿರುವುದನ್ನೂ ಆ ನಾಲ್ಕು ತಿರುಗುಗಳಲ್ಲಿ ಒಂದೆಂದು ಲೆಕ್ಕ ಹಿಡಿಯುತ್ತಾರೆ. ಸಮಬಾಹು ತ್ರಿಭುಜಕ್ಕೆ 6. ವೃತ್ತಕ್ಕೆ ಲೆಕ್ಕವೇ ಇಲ್ಲ, ಎಷ್ಟು ತಿರುಗಿಸಿದರೂ ಅದು ಗುಟ್ಟು ಬಿಟ್ಟುಕೊಡದು. ನದಿಯ ದಡದಲ್ಲಿ ಸಿಕ್ಕಿದ ಅಂಕುಡೊಂಕು ಕಲ್ಲಿಗೆ ಒಂದೇ ಒಂದು, ಸುಮ್ಮನಿರುವುದು.

ಹೀಗೆ ಎಣಿಸತೊಡಗಿದರೆ ಹಿತ್ತಲಿನ ಹೂಗಳೂ ಬೇರೆಯಾಗಿ ಕಾಣುತ್ತವೆ. ಒಂಟಿ ಸುತ್ತಿನ ನಂದಿಬಟ್ಟಲನ್ನು ನೋಡಿ. ಐದು ಬಿಳಿ ದಳಗಳು, ಪ್ರತಿಯೊಂದೂ ಒಂದೇ ಕಡೆಗೆ ಓರೆಯಾಗಿ ತಿರುಚಿಕೊಂಡಿದೆ. ತೊಟ್ಟು ಹಿಡಿದು 72 ಡಿಗ್ರಿ ತಿರುಗಿಸಿದರೆ ಹೂ ಮೊದಲಿನಂತೆಯೇ ಕಾಣುತ್ತದೆ. ಆದರೆ ಕನ್ನಡಿಯಲ್ಲಿ ಹಿಡಿದು ನೋಡಿ, ದಳಗಳ ಓರೆ ಇನ್ನೊಂದು ಕಡೆಗಾಗುತ್ತದೆ. ಕನ್ನಡಿಯೊಳಗಿನ ಹೂವನ್ನು ಎಷ್ಟು ತಿರುಗಿಸಿದರೂ ಕೈಯಲ್ಲಿರುವ ಹೂವಾಗದು. ತಿರುಗುವ ಸಮಮಿತಿ ಐದಿದೆ, ಕನ್ನಡಿಯ ಸಮಮಿತಿ ಒಂದೂ ಇಲ್ಲ. ಕಣಗಿಲೆ, ನಿತ್ಯಪುಷ್ಪ ಇದರ ಬಳಗದವೇ, ಅವುಗಳದೂ ಇದೇ ಚಾಳಿ. ಶಂಖಪುಷ್ಪದ್ದು ನೇರ ತದ್ವಿರುದ್ಧ: ಎಷ್ಟು ತಿರುಗಿಸಿದರೂ ಹೊಂದುವುದಿಲ್ಲ, ಆದರೆ ಎಡ ಬಲ ಅಚ್ಚುಕಟ್ಟಾಗಿ ಸಮ.

ನಮ್ಮ ದೇಹವೂ ಹೊರಗಿನಿಂದ ಎಡ ಬಲ ಸಮ. ಹಸು, ಮೀನು, ಚಿಟ್ಟೆ, ಇರುವೆ ಎಲ್ಲವೂ ಹಾಗೆಯೇ. ಏಕೆ ಎಂದು ಕೇಳಿಕೊಳ್ಳಬೇಕು. ಭೂಮಿ ಕೆಳಗಿನಿಂದ ಎಳೆಯುತ್ತದೆ, ಆದ್ದರಿಂದ ಮೇಲು ಕೆಳಗು ಒಂದೇ ಆಗಿರಲು ಸಾಧ್ಯವಿಲ್ಲ: ಕಾಲು ಕೆಳಗೆ, ಬೆನ್ನು ಮೇಲೆ. ಪ್ರಾಣಿ ಒಂದು ದಿಕ್ಕಿಗೆ ಚಲಿಸುತ್ತದೆ, ಆಹಾರ ಮೊದಲು ಸಿಗುವುದು ಮುಂದೆ. ಆದ್ದರಿಂದ ಮುಂದು ಹಿಂದು ಒಂದೇ ಅಲ್ಲ: ಕಣ್ಣು ಬಾಯಿ ಮುಂದೆ, ಬಾಲ ಹಿಂದೆ. ಎಡ ಬಲಕ್ಕೆ ಭೇದ ಮಾಡುವ ಕಾರಣ ಮಾತ್ರ ಹೊರಗಿನ ಲೋಕದಲ್ಲಿ ಕಾಣುವುದಿಲ್ಲ. ಹುಲಿ ಎಡದಿಂದ ಬಂದರೂ ಬಲದಿಂದ ಬಂದರೂ ಹುಲಿಯೇ. ಹಾಗಾಗಿ ಆ ಒಂದು ಸಮಮಿತಿ ಉಳಿದುಕೊಂಡಿತು. ನೆಲದಲ್ಲಿ ಬೇರೂರಿ ನಿಂತ ಮರಕ್ಕೆ ಮುಂದು ಹಿಂದಿನ ಹಂಗೂ ಇಲ್ಲ. ಅದು ಸುತ್ತಲೂ ಕೊಂಬೆ ಚಾಚುತ್ತದೆ. ನಕ್ಷತ್ರಮೀನಿನ ಬಾಳಂತೂ ಎರಡನ್ನೂ ಕಂಡಿದೆ. ಈಜಾಡುವ ಮರಿಯಾಗಿದ್ದಾಗ ಎಡ ಬಲ ಸಮವಾಗಿರುವ ಅದು, ಬೆಳೆದು ಕಡಲತಳದಲ್ಲಿ ತೆವಳತೊಡಗಿದಾಗ ಐದು ತೋಳಿನ ಚಕ್ರವಾಗಿ ಮಾರ್ಪಡುತ್ತದೆ. ಆಕಾರವೆಂಬುದು ಆ ಜೀವಿಗೆ ಯಾವ ದಿಕ್ಕುಗಳು ಒಂದೇ, ಯಾವುವು ಬೇರೆ ಎಂಬುದರ ದಾಖಲೆ.

ಮನುಷ್ಯ ಕಟ್ಟಿದ್ದರಲ್ಲಿ ಈ ದಾಖಲೆಯನ್ನು ಕಣ್ತುಂಬ ಓದಬೇಕೆಂದರೆ ಗದಗ ಜಿಲ್ಲೆಯ ಡಂಬಳಕ್ಕೆ ಹೋಗಬೇಕು. ಅಲ್ಲಿನ ದೊಡ್ಡಬಸಪ್ಪ ದೇವಾಲಯ 12ನೆಯ ಶತಮಾನದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. ಬೇಲೂರು ಹಳೇಬೀಡಿಗೆ ಹೋಗುವ ಜನರಲ್ಲಿ ನೂರರಲ್ಲಿ ಒಬ್ಬರಾದರೂ ಇಲ್ಲಿಗೆ ಬರಬೇಕೆಂದು ನನ್ನ ಆಸೆ. ಅದರ ಗರ್ಭಗುಡಿಯ ತಳವಿನ್ಯಾಸ 24 ಮೊನೆಗಳ ನಕ್ಷತ್ರ. ಇದನ್ನು ಬಿಡಿಸುವ ಬಗೆ ಸರಳ. ಒಂದು ಚೌಕ ಬರೆಯಿರಿ. ಅದರ ನಡುಬಿಂದುವನ್ನು ಅಲುಗಿಸದೆ ಚೌಕವನ್ನು 15 ಡಿಗ್ರಿ ತಿರುಗಿಸಿ ಮತ್ತೆ ಬರೆಯಿರಿ. ಹೀಗೆ ಆರು ಚೌಕಗಳಾದಾಗ 24 ಮೂಲೆಗಳು ಒಂದೇ ವೃತ್ತದ ಮೇಲೆ ಸಮದೂರದಲ್ಲಿ ಬಂದು ನಿಲ್ಲುತ್ತವೆ. ಮೊನೆ ಪ್ರತಿಯೊಂದೂ ಲಂಬಕೋನವೇ. ಏಳನೆಯ ಚೌಕ ಬರೆಯಲು ಹೋದರೆ ಅದು ಮೊದಲನೆಯದರ ಮೇಲೆಯೇ ಕೂರುತ್ತದೆ. ನೆಲದ ಮೇಲೆ ಇಷ್ಟನ್ನು ಹಾಕಲು ಒಂದು ಗೂಟ, ಒಂದು ಹಗ್ಗ, ಕೈ ಪಳಗಿದ ಒಬ್ಬ ಸ್ಥಪತಿ ಸಾಕು. ಆದರೆ ಅದನ್ನು ಬಳಪದ ಕಲ್ಲಿನಲ್ಲಿ, ಅಧಿಷ್ಠಾನದಿಂದ ಶಿಖರದವರೆಗೆ, ಒಂದು ಮೊನೆಯೂ ತಪ್ಪದಂತೆ ಮೇಲೆಬ್ಬಿಸಿದ್ದು ಸಾಮಾನ್ಯ ಮಾತಲ್ಲ. ಬಿಸಿಲು ಓರೆಯಾಗಿ ಬಿದ್ದಾಗ ಅಂಚಿನಿಂದ ಅಂಚಿಗೆ ಬೆಳಕು ನೆರಳು ಸರಿಯುತ್ತಾ ಹೋಗುವುದನ್ನು ನೋಡಿದರೆ ಕಲ್ಲು ತಿರುಗುತ್ತಿದೆಯೆಂದೇ ಅನಿಸುತ್ತದೆ.

ಆದರೆ ಒಂದು ಮಾತು. ಪೂರ್ಣ ನಕ್ಷತ್ರಕ್ಕೆ ಬಾಗಿಲಿರುವುದಿಲ್ಲ. 24 ಮೊನೆಗಳೂ ಸರಿಸಮವಾಗಿದ್ದರೆ ಭಕ್ತ ಒಳಗೆ ಹೋಗುವುದೆಲ್ಲಿ? ಒಂದು ಕಡೆ ಗೋಡೆ ಒಡೆದು ದಾರಿ ಮಾಡಲೇಬೇಕು, ಮಂಟಪ ಜೋಡಿಸಲೇಬೇಕು. ಆ ಕ್ಷಣಕ್ಕೆ, ಸುಮ್ಮನಿರುವುದೊಂದನ್ನು ಬಿಟ್ಟು, ಉಳಿದ ತಿರುಗುಗಳೆಲ್ಲ ಬಿದ್ದುಹೋಗುತ್ತವೆ. ಉಳಿಯುವುದು ಬಾಗಿಲಿನ ನಡುವೆ ಹಾದುಹೋಗುವ ಒಂದು ಕನ್ನಡಿ ಗೆರೆ ಮಾತ್ರ. ಭಕ್ತ ಪ್ರದಕ್ಷಿಣೆ ಹಾಕುವಾಗ ದೇವರನ್ನು ಬಲಕ್ಕಿಟ್ಟುಕೊಂಡೇ ನಡೆಯುವುದರಿಂದ ಆ ಎಡ ಬಲದ ಸಮತೆಯೂ ಹೋಯಿತು. ಬದುಕು ನಡೆಯುವುದು ಸಮಮಿತಿ ಮುರಿದ ಆ ಜಾಗದಲ್ಲಿ.

ಸೋಮನಾಥಪುರದ ಶಿಲ್ಪಿಗಳು ಇದನ್ನು ಇನ್ನೂ ಆಳವಾಗಿ ಅರಿತಿದ್ದರು. 13ನೆಯ ಶತಮಾನದಲ್ಲಿ ಪ್ರತಿಷ್ಠೆಯಾದ ಅಲ್ಲಿನ ತ್ರಿಕೂಟದಲ್ಲಿ, ಅಂದರೆ ಮೂರು ಗರ್ಭಗುಡಿಗಳ ದೇವಾಲಯದಲ್ಲಿ, ಗರ್ಭಗುಡಿಗಳ ವಿನ್ಯಾಸ 16 ಮೊನೆಗಳ ನಕ್ಷತ್ರ, ಅಂದರೆ ನಾಲ್ಕು ಚೌಕಗಳ ಲೆಕ್ಕ. ಎದುರುಬದುರಾದ ಎರಡು ಗುಡಿಗಳು ಹೊರಗಿನಿಂದ ಒಂದಕ್ಕೊಂದು ಪಡಿಯಚ್ಚು. ಒಳಗೆ ಹೋದರೆ ಒಂದರಲ್ಲಿ ಜನಾರ್ದನ ನೆಟ್ಟಗೆ, ಎಡ ಬಲ ಸಮತೂಕದಲ್ಲಿ ನಿಂತಿದ್ದಾನೆ. ಇನ್ನೊಂದರಲ್ಲಿ ವೇಣುಗೋಪಾಲ. ಅವನದು ತ್ರಿಭಂಗಿ: ಕಾಲು ಅಡ್ಡ, ಸೊಂಟ ಓರೆ, ಕೊಳಲು ಒಂದು ಪಕ್ಕಕ್ಕೆ. ಅಷ್ಟೊಂದು ಕರಾರುವಾಕ್ಕಾದ ಕಟ್ಟಡದ ನಡುವೆ ಎಲ್ಲ ಸಮತೆಯನ್ನೂ ಬಿಟ್ಟುಕೊಟ್ಟ ಒಂದು ಮೈ. ಸಂಗೀತ ಕೇಳಿಸಬೇಕಾದ ಕಡೆ ಶಿಲ್ಪಿ ಸಮಮಿತಿಯನ್ನು ಮುರಿದಿದ್ದಾನೆ.

ಈಗ ಕಣ್ಣಿಗೆ ಕಾಣದ ಸಮಮಿತಿಯ ಕಡೆಗೆ ಹೋಗೋಣ. 1832ರ ಮೇ 30ರ ಬೆಳಿಗ್ಗೆ ಪ್ಯಾರಿಸ್ಸಿನ ಹೊರವಲಯದಲ್ಲಿ ಪಿಸ್ತೂಲಿನ ದ್ವಂದ್ವಯುದ್ಧವೊಂದರಲ್ಲಿ ಗಾಯಗೊಂಡ ಎವಾರಿಸ್ಟ್ ಗಾಲ್ವಾ ಎಂಬ ತರುಣ ಗಣಿತಜ್ಞ ಮರುದಿನ ತೀರಿಕೊಂಡ. ಅವನಿಗಿನ್ನೂ 20 ವರ್ಷ. ದ್ವಂದ್ವಯುದ್ಧದ ಹಿಂದಿನ ರಾತ್ರಿ ಗೆಳೆಯ ಒಗುಸ್ತ್ ಶೆವಾಲಿಯೆಗೆ ಬರೆದ ಕಾಗದದಲ್ಲಿ ತನ್ನ ಗಣಿತದ ಸಾರವನ್ನು ತುಂಬಿಸಿಟ್ಟಿದ್ದ. ಅವನ ಮುಖ್ಯ ಬರಹಗಳು ಅಚ್ಚಾಗಿ ಲೋಕಕ್ಕೆ ತಿಳಿಯಲು 1846ರವರೆಗೆ ಕಾಯಬೇಕಾಯಿತು.

ಅವನು ಹಿಡಿದದ್ದು ಸಮೀಕರಣಗಳ ಸಮಮಿತಿಯನ್ನು. ವರ್ಗ ಸಮೀಕರಣ ಬಿಡಿಸುವ ಸೂತ್ರ ನಮಗೆಲ್ಲ ಶಾಲೆಯಲ್ಲೇ ಬಾಯಿಪಾಠ. ಮೂರನೆಯ, ನಾಲ್ಕನೆಯ ಘಾತದ ಸಮೀಕರಣಗಳಿಗೂ ಅಂಥ ಸೂತ್ರಗಳು 16ನೆಯ ಶತಮಾನದಲ್ಲೇ ಸಿಕ್ಕಿದ್ದವು. ಐದನೆಯ ಘಾತಕ್ಕೆ ಮಾತ್ರ ಯಾರ ಕೈಗೂ ಸಿಗಲಿಲ್ಲ. ಸಿಗಲು ಸಾಧ್ಯವೇ ಇಲ್ಲವೆಂದು ನಾರ್ವೆಯ ಆಬೆಲ್ 1824ರಲ್ಲಿ ತೋರಿಸಿದ. ಏಕೆ ಸಾಧ್ಯವಿಲ್ಲ ಎಂಬುದರ ಬೇರು ಮುಟ್ಟಿದವನು ಗಾಲ್ವಾ. ಸಮೀಕರಣದ ಉತ್ತರಗಳನ್ನು, ಅಂದರೆ ಮೂಲಗಳನ್ನು, ನಾವು ಕಣ್ಣು ಮುಚ್ಚಿರುವಾಗ ಯಾರೋ ಅದಲುಬದಲು ಮಾಡಿದರೆ ನಮಗೆ ತಿಳಿಯುತ್ತದೆಯೇ? ವರ್ಗ ಮಾಡಿದರೆ 2 ಬರುವ ಸಂಖ್ಯೆಗಳು ಎರಡು, ಒಂದು ಧನ, ಒಂದು ಋಣ. ಅವುಗಳ ಮೊತ್ತ ಸೊನ್ನೆ, ಗುಣಲಬ್ಧ ಋಣ 2. ಎರಡನ್ನೂ ಅದಲುಬದಲು ಮಾಡಿ, ಈ ಮಾತುಗಳು ಹಾಗೆಯೇ ನಿಲ್ಲುತ್ತವೆ. ಭಿನ್ನರಾಶಿಗಳನ್ನಷ್ಟೇ ಬಳಸಿ ಅವುಗಳ ಬಗ್ಗೆ ಹೇಳಬಹುದಾದ ಯಾವ ನಿಜವೂ ಈ ಬದಲಾವಣೆಯನ್ನು ಬಯಲು ಮಾಡದು. ರಟ್ಟಿನ ಚೌಕದಲ್ಲಿದ್ದ ಗುಣ ಇಲ್ಲಿ, ಆಕಾರವೇ ಇಲ್ಲದ ಸಂಖ್ಯೆಗಳಲ್ಲಿ ಇದೆ.

ಐದು ಮೂಲಗಳನ್ನು ಅದಲುಬದಲು ಮಾಡುವ ಬಗೆಗಳು 120. ಆ 120ರೊಳಗೆ 60ರ ಒಂದು ಗುಂಪಿದೆ, ಅದನ್ನು ಮತ್ತೆ ಹಂತಹಂತವಾಗಿ ಬಿಡಿಸಲು ಬಾರದು. ಸೂತ್ರದಲ್ಲಿ ವರ್ಗಮೂಲ, ಘನಮೂಲದಂಥವನ್ನು ತೆಗೆಯುವ ಪ್ರತಿ ಹೆಜ್ಜೆಯೂ ಸಮಮಿತಿಯ ಗುಂಪನ್ನು ಒಂದೊಂದು ಪದರ ಬಿಡಿಸುತ್ತದೆ. ಬಿಡಿಸಲಾಗದ ಗಂಟು ಎದುರಾದಾಗ ಸೂತ್ರ ನಿಂತುಹೋಗುತ್ತದೆ. ಇದೇ ಗಾಲ್ವಾನ ಉತ್ತರ.

ಈ 60ನ್ನು ನಾನು ನಿಮ್ಮ ಮುಂದೆ ಇನ್ನೊಂದು ಸಲ ಇಡಬೇಕು, ಏಕೆಂದರೆ ಇಡೀ ಗಣಿತದಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಸಂಗತಿ ಕಡಿಮೆ. ಇಪ್ಪತ್ತು ಸಮಬಾಹು ತ್ರಿಭುಜಗಳನ್ನು ಜೋಡಿಸಿ ಮಾಡಿದ ವಿಂಶತಿಫಲಕವೆಂಬ ಘನಾಕೃತಿಯಿದೆ. ಪ್ರತಿ ಶೃಂಗದಲ್ಲೂ ಐದು ತ್ರಿಭುಜಗಳು ಕೂಡುತ್ತವೆ, ಶೃಂಗಗಳು ಒಟ್ಟು ಹನ್ನೆರಡು. ಇದನ್ನು ಗೊತ್ತಾಗದಂತೆ ಎಷ್ಟು ಬಗೆಯಲ್ಲಿ ತಿರುಗಿಸಬಹುದು? ಸರಿಯಾಗಿ 60. ಸಂಖ್ಯೆ ಮಾತ್ರ ಒಂದೇ ಎಂದುಕೊಳ್ಳಬೇಡಿ. ಒಂದು ತಿರುಗಿನ ಮೇಲೆ ಇನ್ನೊಂದು ತಿರುಗು ಹಾಕಿದರೆ ಏನಾಗುತ್ತದೆ ಎಂಬ ಪೂರ್ತಿ ಪಟ್ಟಿಯೇ ಸಮೀಕರಣದ ಆ 60ರ ಪಟ್ಟಿಯೊಂದಿಗೆ ಸಾಲು ಸಾಲಾಗಿ ಹೊಂದುತ್ತದೆ. ಐದನೆಯ ಘಾತದ ಸಮೀಕರಣವೂ ಗ್ರೀಕರ ಕಾಲದ ಆ ಘನಾಕೃತಿಯೂ ಒಳಗೆ ಒಂದೇ.

ಪೋಲಿಯೋ ವೈರಸ್ಸಿನ ಕವಚವೂ ಇದೇ. ನಮ್ಮ ಮಕ್ಕಳಿಗೆ ಹನಿ ಹಾಕಿಸಿ ಹಾಕಿಸಿ ನಾವು ಓಡಿಸಿದ ಆ ವೈರಸ್ಸಿನ ಚಿಪ್ಪಿನಲ್ಲಿ ನಾಲ್ಕು ಬಗೆಯ ಪ್ರೋಟೀನುಗಳಿವೆ, ಪ್ರತಿಯೊಂದರ 60 ಪ್ರತಿಗಳು. ಹೀಗೇಕೆ? ಕ್ರಿಕ್ ಮತ್ತು ವಾಟ್ಸನ್ 1956ರಲ್ಲೇ ತರ್ಕಿಸಿದ್ದರು: ಸಣ್ಣ ವೈರಸ್ಸಿನ ವಂಶವಾಹಿ ತೀರ ಚಿಕ್ಕದು, ಹತ್ತಾರು ಬಗೆಯ ಪ್ರೋಟೀನುಗಳಿಗೆ ಬೇಕಾದ ಮಾಹಿತಿ ಅದರಲ್ಲಿ ಹಿಡಿಸದು. ಕೆಲವೇ ಬಗೆಗಳನ್ನು ಮತ್ತೆ ಮತ್ತೆ ಮಾಡಿ ಜೋಡಿಸಬೇಕು. ಎಲ್ಲ ಪ್ರತಿಗಳೂ ಒಂದೇ ಆಗಿದ್ದು, ಪ್ರತಿಯೊಂದರ ಅಕ್ಕಪಕ್ಕವೂ ಒಂದೇ ಆಗಿರಬೇಕಾದರೆ, ದುಂಡಗಿನ ಮುಚ್ಚಿದ ಚಿಪ್ಪಿನಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ 60. ಇಲ್ಲಿ ಸಮಮಿತಿ ಅಲಂಕಾರವಲ್ಲ, ಬಡತನದ ಜಾಣ್ಮೆ.

ಗಾಲ್ವಾನ ನಂತರ ಈ ದಾರಿಯಲ್ಲಿ ಅಷ್ಟೇ ದೊಡ್ಡ ಹೆಜ್ಜೆ ಇಟ್ಟವರು ಎಮ್ಮಿ ನೋದರ್. ಅವರನ್ನು 1915ರಲ್ಲಿ ಜರ್ಮನಿಯ ಗೊಟಿಂಗನ್ ವಿಶ್ವವಿದ್ಯಾಲಯಕ್ಕೆ ಅಲ್ಲಿನ ಗಣಿತಜ್ಞರಾದ ಹಿಲ್ಬರ್ಟ್ ಮತ್ತು ಕ್ಲೈನ್ ಕರೆಸಿಕೊಂಡರು. ಹೆಣ್ಣೆಂಬ ಕಾರಣಕ್ಕೆ ಹುದ್ದೆ ಕೊಡಲು ಅಲ್ಲಿನ ಕೆಲವು ಪ್ರಾಧ್ಯಾಪಕರು ಒಪ್ಪಲಿಲ್ಲ. ವರ್ಷಗಟ್ಟಲೆ ಅವರ ಪಾಠಗಳು ಹಿಲ್ಬರ್ಟರ ಹೆಸರಿನಲ್ಲಿ ಪ್ರಕಟವಾಗುತ್ತಿದ್ದವು, ಸಂಬಳವಿರಲಿಲ್ಲ. ಆ ಸ್ಥಿತಿಯಲ್ಲೇ 1918ರಲ್ಲಿ ಅವರು ಕೊಟ್ಟ ಪ್ರಮೇಯ ಇಂದಿನ ಭೌತಶಾಸ್ತ್ರದ ಬೆನ್ನೆಲುಬು.

ಅದರ ತಿರುಳು ಹೀಗಿದೆ. ನಿಸರ್ಗದ ನಿಯಮ ಇಂದು ಹೇಗಿದೆಯೋ ನಾಳೆಯೂ ಹಾಗೆಯೇ ಇದೆ. ಗಡಿಯಾರವನ್ನು ಯಾರಾದರೂ ಗುಟ್ಟಾಗಿ ಮುಂದೆ ತಿರುಗಿಸಿಟ್ಟರೂ ನಿಯಮಗಳನ್ನು ನೋಡಿ ಅದನ್ನು ಪತ್ತೆಹಚ್ಚಲಾಗದು. ಈ ಒಂದು ಸಮಮಿತಿಯಿಂದಲೇ ಶಕ್ತಿ ನಾಶವಾಗದು, ಹೊಸದಾಗಿ ಹುಟ್ಟದು ಎಂಬ ನಿಯಮ ಹೊರಡುತ್ತದೆ. ಹುಬ್ಬಳ್ಳಿಗೂ ಮಂಗಳೂರಿಗೂ ಚಂದ್ರನಿಗೂ ನಿಯಮ ಒಂದೇ. ಅದರಿಂದ ಸಂವೇಗದ ಸಂರಕ್ಷಣೆ. ಉತ್ತರಕ್ಕೆ ಮುಖ ಮಾಡಿದರೂ ಪೂರ್ವಕ್ಕೆ ಮುಖ ಮಾಡಿದರೂ ನಿಯಮ ಒಂದೇ. ಅದರಿಂದ ಕೋನೀಯ ಸಂವೇಗದ ಸಂರಕ್ಷಣೆ. ಗ್ರಹ ಸೂರ್ಯನ ಸಮೀಪಕ್ಕೆ ಬಂದಾಗ ವೇಗ ಹೆಚ್ಚಿಸಿಕೊಳ್ಳುವುದು, ನರ್ತಕಿ ಚಾಚಿದ ಕೈಗಳನ್ನು ಒಳಗೆ ಸೆಳೆದುಕೊಂಡೊಡನೆ ಸುತ್ತು ಬಿರುಸಾಗುವುದು, ಎರಡೂ ದಿಕ್ಕುಗಳ ಸಮಾನತೆಯ ಫಲ. 1933ರಲ್ಲಿ ಯಹೂದಿಯೆಂದು ನಾಜಿ ಸರ್ಕಾರ ನೋದರ್ ಅವರನ್ನು ವಿಶ್ವವಿದ್ಯಾಲಯದಿಂದ ಹೊರಗಟ್ಟಿತು. ಅಮೆರಿಕದ ಬ್ರಿನ್ ಮಾರ್ ಕಾಲೇಜಿನಲ್ಲಿ ಕಲಿಸುತ್ತಿದ್ದ ಅವರು 1935ರಲ್ಲಿ, 53ನೆಯ ವಯಸ್ಸಿನಲ್ಲಿ ತೀರಿಕೊಂಡರು. ಶಾಲೆಯ ಪ್ರತಿ ವಿಜ್ಞಾನ ಪುಸ್ತಕದಲ್ಲಿ ಶಕ್ತಿ ಸಂರಕ್ಷಣೆಯ ಪಾಠವಿದೆ. ಅದರ ಪಕ್ಕದಲ್ಲಿ ಅವರ ಹೆಸರೂ ಇರಬೇಕೆಂದು ನಾನು ಒತ್ತಾಯದಿಂದ ಹೇಳುತ್ತೇನೆ.

ಕಾಲ, ಸ್ಥಳ, ದಿಕ್ಕು ಆಯಿತು. ಕನ್ನಡಿಯ ಕಥೆ ಬೇರೆ.

ಪುದೀನ ಸೊಪ್ಪನ್ನೂ ಸಬ್ಬಸಿಗೆ ಬೀಜವನ್ನೂ ಒಂದಾದ ಮೇಲೊಂದು ಮೂಸಿ ನೋಡಿ. ಎರಡರ ಪರಿಮಳದ ಹಿಂದೆಯೂ ಇರುವುದು ಕಾರ್ವೋನ್ ಎಂಬ ಅಣು: 10 ಕಾರ್ಬನ್, 14 ಹೈಡ್ರೋಜನ್, 1 ಆಕ್ಸಿಜನ್. ಜೋಡಣೆಯೂ ಒಂದೇ. ಒಂದು ಇನ್ನೊಂದರ ಕನ್ನಡಿ ಬಿಂಬ, ಎಡಗೈ ಬಲಗೈ ಇದ್ದಂತೆ. ಮೂಗು ಅವೆರಡನ್ನೂ ಬೇರೆಯೆಂದು ಹಿಡಿಯುತ್ತದೆ, ಏಕೆಂದರೆ ಮೂಗಿನೊಳಗಿನ ಗ್ರಾಹಕಗಳಿಗೂ ಎಡ ಬಲವಿದೆ. ಅಣುಗಳಲ್ಲಿ ಈ ಭೇದವನ್ನು ಮೊದಲು ಕಂಡವನು ಲೂಯಿ ಪಾಸ್ಟರ್, 1848ರಲ್ಲಿ. ಟಾರ್ಟಾರಿಕ್ ಆಮ್ಲದ ಒಂದು ಲವಣದ ಹರಳುಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ನೋಡುವಾಗ ಅವುಗಳಲ್ಲಿ ಎರಡು ಜಾತಿ ಕಂಡವು, ಒಂದರ ಅಂಚು ಬಲಕ್ಕೆ ಕತ್ತರಿಸಿದಂತೆ, ಇನ್ನೊಂದರದು ಎಡಕ್ಕೆ. ಚಿಮಟದಿಂದ ಒಂದೊಂದೇ ಹೆಕ್ಕಿ ಎರಡು ರಾಶಿ ಮಾಡಿ ನೀರಿನಲ್ಲಿ ಕರಗಿಸಿದ. ಧ್ರುವೀಕೃತ ಬೆಳಕನ್ನು ಒಂದು ದ್ರಾವಣ ಬಲಕ್ಕೆ ತಿರುಗಿಸಿತು, ಇನ್ನೊಂದು ಎಡಕ್ಕೆ. ನಮ್ಮ ಹುಣಸೆಹಣ್ಣಿನ ಹುಳಿಯಲ್ಲೂ ಟಾರ್ಟಾರಿಕ್ ಆಮ್ಲವೇ ಇದೆ, ಮರ ಅದನ್ನು ಒಂದೇ ಕೈಯದಾಗಿ ತಯಾರಿಸುತ್ತದೆ. ಜೀವಲೋಕವೆಲ್ಲ ಹೀಗೆಯೇ. ಪ್ರೋಟೀನು ಕಟ್ಟುವ ಅಮೈನೋ ಆಮ್ಲಗಳು ಎಡಗೈಯವು. ಗ್ಲೈಸಿನ್ ಒಂದಕ್ಕೆ ಮಾತ್ರ ಎಡ ಬಲವೇ ಇಲ್ಲ. ಶಂಖಗಳೂ ಬಹುಪಾಲು ಒಂದೇ ಕಡೆಗೆ ಸುತ್ತಿಕೊಳ್ಳುತ್ತವೆ. ಪೂಜೆಗೆಂದು ಜನ ಹುಡುಕುವ ಬಲಮುರಿ ಶಂಖ ಆ ಅಪರೂಪದ ತಿರುವುಮುರುವು.

ಆದರೂ ಇದೆಲ್ಲ ಜೀವದ ಆಯ್ಕೆ, ಮೂಲ ನಿಯಮಗಳಿಗೆ ಕನ್ನಡಿಯ ಹಂಗಿಲ್ಲ ಎಂದೇ ಭೌತವಿಜ್ಞಾನಿಗಳು ನಂಬಿದ್ದರು. 1956ರಲ್ಲಿ ಲೀ ಮತ್ತು ಯಾಂಗ್ ಎಂಬ ಇಬ್ಬರು ತರುಣರು, ಒಂದು ಬಗೆಯ ವಿಕಿರಣಶೀಲತೆಗೆ ಕಾರಣವಾದ ದುರ್ಬಲ ಬಲದ ವಿಷಯದಲ್ಲಿ ಇದನ್ನು ಯಾರೂ ಪರೀಕ್ಷಿಸಿಯೇ ಇಲ್ಲವಲ್ಲ ಎಂದು ಕೇಳಿದರು. ಪರೀಕ್ಷಿಸಿದವರು ಚಿಯೆನ್-ಶಿಯುಂಗ್ ವು. ಕೋಬಾಲ್ಟ್-60ರ ಪರಮಾಣುಗಳನ್ನು ನಿರಪೇಕ್ಷ ಶೂನ್ಯಕ್ಕಿಂತ ಡಿಗ್ರಿಯ ನೂರನೆಯ ಒಂದು ಭಾಗದಷ್ಟು ಮಾತ್ರ ಮೇಲಿರುವಂತೆ ತಣಿಸಿ, ಕಾಂತಕ್ಷೇತ್ರದಲ್ಲಿ ಅವುಗಳ ನ್ಯೂಕ್ಲಿಯಸ್ಸುಗಳೆಲ್ಲ ಬುಗುರಿಗಳಂತೆ ಒಂದೇ ಕಡೆಗೆ ಗಿರಕಿ ಹೊಡೆಯುವ ಹಾಗೆ ನಿಲ್ಲಿಸಿದರು. ಬುಗುರಿಯ ಪಕ್ಕದಲ್ಲಿ ನೆಟ್ಟಗೆ ಕನ್ನಡಿ ಹಿಡಿದರೆ ಗಿರಕಿ ತಿರುವುಮುರುವಾಗುತ್ತದೆ, ಮೇಲು ಕೆಳಗು ಮಾತ್ರ ಹಾಗೆಯೇ ಇರುತ್ತದೆ. ಹಾಗಾಗಿ ನ್ಯೂಕ್ಲಿಯಸ್ಸಿನಿಂದ ಸಿಡಿಯುವ ಇಲೆಕ್ಟ್ರಾನುಗಳು ಮೇಲಕ್ಕೂ ಕೆಳಕ್ಕೂ ಸಮನಾಗಿ ಹಾರಿದರೆ ಮಾತ್ರ ಕನ್ನಡಿಯ ಲೋಕವೂ ನಮ್ಮ ಲೋಕವೂ ಒಂದೇ. ಅವು ಸಮನಾಗಿ ಹಾರಲಿಲ್ಲ. ಹೆಚ್ಚಿನವು ಒಂದೇ ಕಡೆಗೆ ಹೊರಟವು. 1957ರ ಜನವರಿಯಲ್ಲಿ ಈ ಸುದ್ದಿ ಹೊರಬಿತ್ತು, ಅದೇ ವರ್ಷ ಲೀ ಮತ್ತು ಯಾಂಗ್ ಅವರಿಗೆ ನೊಬೆಲ್ ಸಿಕ್ಕಿತು. ವು ಅವರಿಗೆ ಸಿಗಲಿಲ್ಲ, ಅದು ಅನ್ಯಾಯ. ದುರ್ಬಲ ಬಲ ಎಡಗೈಯ ಕಡೆಗೇ ವಾಲುವ ಬಗೆಯನ್ನು ಸೂತ್ರದಲ್ಲಿ ಹಿಡಿದ ಮೊದಲಿಗರಲ್ಲಿ ಕೇರಳದಲ್ಲಿ ಹುಟ್ಟಿದ ಇ.ಸಿ.ಜಿ. ಸುದರ್ಶನ್ ಒಬ್ಬರು, ಅವರ ಗುರು ಮಾರ್ಷಕ್ ಅವರ ಜೊತೆಗೆ.

ಇದರಿಂದ ಒಂದು ವಿಚಿತ್ರ ಪ್ರಶ್ನೆಗೆ ಉತ್ತರ ಸಿಕ್ಕಿತು. 1960ರಲ್ಲಿ ಫ್ರಾಂಕ್ ಡ್ರೇಕ್ ಅಮೆರಿಕದ ಗ್ರೀನ್ ಬ್ಯಾಂಕಿನಲ್ಲಿ ದೂರದ ಎರಡು ನಕ್ಷತ್ರಗಳ ಕಡೆಗೆ ರೇಡಿಯೋ ದೂರದರ್ಶಕ ತಿರುಗಿಸಿ, ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕಿವಿಗೊಟ್ಟಿದ್ದರು. ಆ ಯೋಜನೆಯ ಹೆಸರು ಓಜ್ಮಾ. ಮಾರ್ಟಿನ್ ಗಾರ್ಡ್ನರ್ ಎಂಬ ಲೇಖಕ ಅದನ್ನೇ ಹಿಡಿದು 1964ರಲ್ಲಿ ಕೇಳಿದರು: ಅಂಥ ಲೋಕದವರಿಗೆ ಬರಿಯ ಮಾತಿನಲ್ಲಿ, ಚಿತ್ರವಿಲ್ಲದೆ, ಇಬ್ಬರೂ ಕಾಣುವ ಯಾವ ವಸ್ತುವೂ ಇಲ್ಲದೆ, ಎಡ ಯಾವುದು ಬಲ ಯಾವುದು ಎಂದು ಹೇಗೆ ತಿಳಿಸುವುದು? ಹೃದಯ ಇರುವ ಕಡೆ ಎಂದರೆ ಅವರಿಗೆ ಹೃದಯ ಎಲ್ಲಿದೆಯೋ. ಸೂರ್ಯ ಹುಟ್ಟುವ ಕಡೆಗೆ ಮುಖ ಮಾಡಿ ಎಂದರೆ ಅವರ ಲೋಕ ಯಾವ ಕಡೆಗೆ ತಿರುಗುತ್ತದೋ. ವು ಅವರ ಪ್ರಯೋಗದ ನಂತರ ಹೀಗೆ ಹೇಳಬಹುದು: ಕೋಬಾಲ್ಟ್-60ನ್ನು ತಣಿಸಿ ಸಾಲುಗೂಡಿಸಿ, ಹೆಚ್ಚಿನ ಇಲೆಕ್ಟ್ರಾನುಗಳು ನಿಮ್ಮಿಂದ ದೂರಕ್ಕೆ ಹಾರುವಂತೆ ನಿಂತು ನೋಡಿ, ನ್ಯೂಕ್ಲಿಯಸ್ ಆಗ ತಿರುಗುವ ಬಗೆಗೆ ನಾವು ಅಪ್ರದಕ್ಷಿಣೆ ಎನ್ನುತ್ತೇವೆ.

ಒಂದು ತೊಡಕು ಉಳಿಯುತ್ತದೆ. ಅವರ ಲೋಕ ಪ್ರತಿದ್ರವ್ಯದ್ದಾಗಿದ್ದರೆ, ಅವರು ಕೋಬಾಲ್ಟ್ ಎಂದುಕೊಂಡದ್ದು ಪ್ರತಿಕೋಬಾಲ್ಟ್ ಆಗಿರುತ್ತದೆ, ಉತ್ತರ ಪೂರ್ತಿ ತಿರುವುಮುರುವಾಗುತ್ತದೆ. ಕನ್ನಡಿ ಹಿಡಿಯುವುದರ ಜೊತೆಗೆ ದ್ರವ್ಯವನ್ನೂ ಪ್ರತಿದ್ರವ್ಯವಾಗಿ ಬದಲಿಸಿದರೆ ಆ ಕೂಡುಸಮಮಿತಿಯಾದರೂ ಗಟ್ಟಿಯಾಗಿ ನಿಲ್ಲುತ್ತದೆಂದು ಎಲ್ಲರೂ ನೆಚ್ಚಿಕೊಂಡಿದ್ದರು. ಗಾರ್ಡ್ನರ್ ಆ ಪ್ರಶ್ನೆ ಕೇಳಿದ ವರ್ಷವೇ ಬ್ರುಕ್‌ಹೇವನ್ ಪ್ರಯೋಗಾಲಯದಲ್ಲಿ ಕ್ರೋನಿನ್, ಫಿಚ್ ಮತ್ತು ಸಂಗಡಿಗರು ಅದೂ ಕೂದಲೆಳೆಯಷ್ಟು ಮುರಿದಿದೆ ಎಂದು ಕಂಡರು. ದೀರ್ಘಾಯುವಾದ ತಟಸ್ಥ ಕೇಯಾನ್ ಎಂಬ ಕಣ ಒಡೆದಾಗ ಒಮ್ಮೊಮ್ಮೆ ಇಲೆಕ್ಟ್ರಾನ್ ಹುಟ್ಟುತ್ತದೆ, ಒಮ್ಮೊಮ್ಮೆ ಪಾಸಿಟ್ರಾನ್. ಪಾಸಿಟ್ರಾನಿನ ಪಾಲು ಸಾವಿರಕ್ಕೆ ಸುಮಾರು ಮೂರರಷ್ಟು ಹೆಚ್ಚು. ಆದ್ದರಿಂದ ಆ ದೂರದವರಿಗೆ ಕೊನೆಗೆ ಕಳಿಸಬೇಕಾದ ಸಾಲು ಇದು: ಕೇಯಾನ್ ಒಡೆಯುವುದನ್ನು ಎಣಿಸಿ, ಹೆಚ್ಚು ಸಲ ಹುಟ್ಟುವ ಆ ಹಗುರ ಕಣ ನಿಮ್ಮ ಪರಮಾಣುಗಳ ಹೊರವಲಯದಲ್ಲಿರುವ ಕಣವೇ ಆಗಿದ್ದರೆ, ಎಡ ಬಲದ ಬಗ್ಗೆ ನಾವು ಹೇಳಿದ್ದನ್ನೆಲ್ಲ ತಿರುವಿ ಓದಿಕೊಳ್ಳಿ.